ಬೂಷ್ಟು ಹಿಡಿದದ್ದು ಹೊರಗೆ: ಆಟಿಯಲ್ಲಿ ಮನೆಯ ಬೇಡದ ಸಾಮಾನು ಖಾಲಿ ಮಾಡಿದ ನನ್ನ ಅನುಭವ

"ಆಟಿಯಲ್ಲಿ ಯಾರಾದರೂ ಅಟ್ಟದ ಸಾಮಾನು ಇಳಿಸ್ತಾರಾ?" ಎಂದು ಹೆಂಡತಿ ಕೇಳಿದಳು, ಅಕ್ಕ ಕೇಳಿದಳು, ಕೊನೆಗೆ ಗುಜರಿಯವನೂ ಕೇಳಿದ. ಆಟಿ ಅಂದರೆ ನಮ್ಮ ತುಳುನಾಡಿನಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯ ತಿಂಗಳು. ಅಂಥ ಮೂರು ಆಟಿ ಕಳೆಯಿತು. ಈಗ ಅದೇ ಅಕ್ಕ ಫೋನ್ ಮಾಡಿ "ನಿನ್ನ ಆ ಬೂಷ್ಟಿನ ಲೆಕ್ಕ ಎಂತದು ಮಾರಾಯ" ಅನ್ನುತ್ತಾಳೆ. ಎಲ್ಲರಿಗೂ ಒಟ್ಟಿಗೇ ಹೇಳಿಬಿಡುವ ಅಂತ ಬರೆಯುತ್ತಿದ್ದೇನೆ.

ನಾವೆಲ್ಲ ಮನೆಯ ಬೇಡದ ಸಾಮಾನು ಖಾಲಿ ಮಾಡುವುದು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು. ನಾನೂ ಏಳೆಂಟು ವರ್ಷ ಹಾಗೇ ಮಾಡಿದವ. ಮಂಗಳೂರಿನ ಕದ್ರಿಯಲ್ಲಿ ಅಪ್ಪನ ಕಾಲದ ಹೆಂಚಿನ ಮನೆ. ಅಟ್ಟದ ಸಾಮಾನೆಲ್ಲ ಅಂಗಳಕ್ಕೆ ತಂದು ಹರಡುವುದು, ಸಂಜೆ ಹೊತ್ತಿಗೆ ಗರಿಗರಿ ಒಣಗಿದ ಕಂಬಳಿ ನೋಡಿ ಬಿಸಾಡಲು ಮನಸ್ಸಾಗದೆ ಪುನಃ ಮೇಲಿಡುವುದು. ಬಿಸಿಲಲ್ಲಿ ಎಲ್ಲವೂ ಚಂದವೇ ಕಾಣುತ್ತದೆ. ಒಂದು ವರ್ಷ ಮುಚ್ಚಳ ಇರುವ ಪ್ಲಾಸ್ಟಿಕ್ ಪೆಟ್ಟಿಗೆ ತಂದೆ, ಹದಿನಾಲ್ಕು. ಆರು ಸಾವಿರದ ಹತ್ತಿರ ಹೋಯಿತು. ಕಸವನ್ನು ಸಾಲಾಗಿ ಜೋಡಿಸಿ ಚೀಟಿ ಅಂಟಿಸಿದ್ದಷ್ಟೇ ಬಂತು. ಒಳಗೆ ಕೂತ ತೇವಕ್ಕೆ ಎರಡು ರೇಷ್ಮೆ ಸೀರೆ ಹಾಳಾದವು. ಆ ಸುದ್ದಿ ಮನೆಯಲ್ಲಿ ಈಗಲೂ ಎತ್ತುವಂತಿಲ್ಲ.

ಬುದ್ಧಿ ಬಂದದ್ದು ಶೂ ನೋಡಿ. ಜುಲೈಯಲ್ಲಿ ಒಂದೇ ಕಪಾಟಿನಲ್ಲಿ ಎರಡು ಜೋಡಿ ಇತ್ತು. ದಿನಾ ಹಾಕುವುದು ಹಾಗೇ ಇದೆ, ಮದುವೆಗೆಂದು ಇಟ್ಟದ್ದರ ಮೇಲೆ ಹಸಿರು ರೋಮ. ಅಂದರೆ ಬೂಷ್ಟು ಲೆಕ್ಕ ಬರೆಯುತ್ತಾ ಕೂತಿದೆ, ಓದಬೇಕಾದವ ನಾನು. ಅಲ್ಲಿಂದ ಕ್ರಮ ಇಷ್ಟೇ: ಮೇ ಕೊನೆಗೆ ಬರುವ ಪತ್ತನಾಜೆಗೆ ಮನೆ ಹೇಗಿದೆಯೋ ಹಾಗೇ ಬಿಡುವುದು. ಒರೆಸುವುದಿಲ್ಲ, ಒಣಗಿಸುವುದಿಲ್ಲ, ಬೇಕಾದದ್ದನ್ನು ಬಳಸುತ್ತಾ ಹೋಗುವುದು. ಆಟಿ ಅಮಾವಾಸ್ಯೆ ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿದು, ಬಾಯಿಯ ಕಹಿ ಹೋಗುವ ಮೊದಲೇ ಮಾಸ್ಕ್ ಕಟ್ಟಿ ಟಾರ್ಚ್ ಹಿಡಿದು ಹೊರಡುವುದು. ಬೂಷ್ಟು ಹಿಡಿದದ್ದು ಹೊರಗೆ. ದೇವರ ಸಾಮಾನು, ದಸ್ತಾವೇಜು, ಹೆಂಡತಿಯ ಕಪಾಟು ಇದಕ್ಕೆ ಬರುವುದಿಲ್ಲ. ಮೂರನೆಯದನ್ನು ಮೊದಲ ವರ್ಷ ಸೇರಿಸಿದ್ದೆ, ನೀವು ಸೇರಿಸಬೇಡಿ. ಆಟಿಯಲ್ಲಿ ಮದುವೆ, ಗೃಹಪ್ರವೇಶ ಯಾವುದೂ ಇಲ್ಲದ್ದರಿಂದ ಭಾನುವಾರಗಳೆಲ್ಲ ನಮ್ಮದೇ.

ಸ್ಟೀಲ್ ಪಾತ್ರೆಗೆ ಬೂಷ್ಟು ಬರುವುದಿಲ್ಲವಲ್ಲ ಅನ್ನುತ್ತೀರಿ. ಅದಕ್ಕೆ ಬೇರೆ ಉಪಾಯ ಉಂಟು, ನೂರ ಇಪ್ಪತ್ತರಷ್ಟಿದ್ದ ಲೋಟ ಮೂವತ್ತಕ್ಕೆ ಇಳಿಯಿತು. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಮೊದಲ ವರ್ಷದ ಸೋಲು ದೊಡ್ಡದು. ತೆಗೆದ ರಾಶಿ ಜಗಲಿಯಲ್ಲಿ ಮೂರು ವಾರ ಕೂತಿತು, ಮನೆಯಿಡೀ ವಾಸನೆ. ಒದ್ದೆ ಪೇಪರಿಗೆ ಗುಜರಿಯವ ಅರ್ಧ ತೂಕ ಹೊಡೆದ. ಹಿತ್ತಾಳೆ ಅಂತ ಕೊಟ್ಟದ್ದರಲ್ಲಿ ಅಜ್ಜಿಯ ಕಂಚಿನ ಗಿಂಡಿಯೂ ಸೇರಿಹೋಗಿತ್ತು. ಕಂಚಿಗೆ ರೇಟು ಜಾಸ್ತಿ ಅಂತ ಅವನಿಗೆ ಗೊತ್ತು, ನನಗೆ ಗೊತ್ತಾದದ್ದು ಮರುದಿನ. ಈಗ ಬೆರಳಿನಿಂದ ಹೊಡೆದು ನೋಡಿಯೇ ಕೊಡುವುದು. ಕಂಚು ಗಂಟೆಯ ಹಾಗೆ ಎಳೆದು ಕೂಗುತ್ತದೆ, ಹಿತ್ತಾಳೆ ಠಪ್ ಅನ್ನುತ್ತದೆ. ಅದಲ್ಲದೆ ನಿರ್ಧಾರ ಆಟಿಯಲ್ಲಿ, ಸಾಗಾಟ ಆಟಿಯ ಮುಂದಿನ ತಿಂಗಳು ಸೋಣದ ಬಿಸಿಲು ಬಂದ ಮೇಲೆ. ಮೂರು ವರ್ಷದಲ್ಲಿ ಸುಮಾರು ಮುನ್ನೂರೈವತ್ತು ಕೆಜಿ ಹೋಯಿತು, ಕೈಗೆ ಹನ್ನೊಂದು ಸಾವಿರದಷ್ಟು ಬಂತು. ಪೆಟ್ಟಿಗೆ, ಸೀರೆ, ಗಿಂಡಿ ಲೆಕ್ಕ ಹಾಕಿದರೆ ನಷ್ಟವೇ. ಹಾಕುವುದು ಬೇಡ.

ತೊಳೆದರೆ ಇನ್ನೊಬ್ಬರಿಗೆ ಆಗುವಂಥದ್ದನ್ನು ಕಸದ ಗಾಡಿಗೆ ಹಾಕುವುದಿಲ್ಲ. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಪಕ್ಕದ ಮಂದಾರದ ಮನೆ, ತೋಟಗಳ ಮೇಲೆ ಹೋದದ್ದು ನಮಗೆಲ್ಲ ಗೊತ್ತಿದೆ. ಆ ಗುಡ್ಡದಲ್ಲಿ ನಮ್ಮ ಮನೆಯದ್ದೂ ಇತ್ತು.

ನಡುವೆ, ಉಳಿಸಿಕೊಂಡ ಸಾಮಾನಿಗಾಗಿ ತೇವದ್ದೇ ಒಂದು ಪ್ರಯೋಗ ನಡೆಸಿದೆ. ಒಂದು ಕಪಾಟಿಗೆ ಕಲ್ಲುಪ್ಪು, ಒಂದಕ್ಕೆ ಇದ್ದಿಲು, ಒಂದಕ್ಕೆ ಅಂಗಡಿಯ ಕ್ಯಾಲ್ಸಿಯಂ ಕ್ಲೋರೈಡ್ ಚೀಲ, ಗೋದ್ರೆಜ್ ಕಪಾಟಿಗೆ ಹಳೆ ನಲವತ್ತು ವಾಟ್ ಬಲ್ಬು. ಉಪ್ಪು ಹದಿನೈದು ದಿನಕ್ಕೆ ನೀರಾಯಿತು. ಇದ್ದಿಲು ಏನೂ ಮಾಡಲಿಲ್ಲ. ಚೀಲ ಒಳ್ಳೆಯದೇ, ಆದರೆ ತಿಂಗಳಿಗೊಮ್ಮೆ ದುಡ್ಡು. ಗೆದ್ದದ್ದು ಬಲ್ಬು. ಬಟ್ಟೆಗೆ ತಾಗದ ಹಾಗೆ ಕಟ್ಟಬೇಕು ಮಾತ್ರ.

ಕಾಗದದ ಕಂತೆಯಲ್ಲಿ ಅಪ್ಪನ ಪಾಸ್‌ಬುಕ್ಕುಗಳು ಸಿಕ್ಕಿದವು: ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ. ಮೂರೂ ನಮ್ಮೂರ ಬ್ಯಾಂಕುಗಳೇ, 2019 ಮತ್ತು 2020ರಲ್ಲಿ ಮೂರೂ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಎಸೆಯುವ ಮೊದಲು ಕೇಳಿ ನೋಡಿ. ಹತ್ತು ವರ್ಷ ಮುಟ್ಟದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ, ಆದರೂ ವಾರಸುದಾರರಿಗೆ ಸಿಗುತ್ತದೆ. ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲಿನಲ್ಲಿ ಹೆಸರು ಹಾಕಿ ಹುಡುಕಬಹುದು. ನಾಲ್ಕು ಸಲ ಓಡಾಡಿ ಒಂಬತ್ತು ಸಾವಿರ ಚಿಲ್ಲರೆ ಪಡೆದೆ.

ಬಿಡಲು ಕಷ್ಟವಾದದ್ದು ಯಕ್ಷಗಾನದ ಮದ್ದಳೆ. ನಲವತ್ತೆರಡನೇ ವಯಸ್ಸಿನಲ್ಲಿ ಕಲಿಯುವ ಅಂತ ತಂದು ಐದು ತರಗತಿಗೆ ಹೋಗಿದ್ದೆ. ಚರ್ಮದ ಮೇಲೆ, ನಡುವಿನ ಕರಿಯ ಸುತ್ತ ಉಂಗುರದ ಹಾಗೆ ಬೂಷ್ಟು ಕೂತಿತ್ತು. ಎರಡು ಆಟಿ ಕದ್ದು ಒರೆಸಿಟ್ಟೆ. ಮೂರನೇ ಆಟಿಗೆ, ಕಲಿಯುತ್ತಿರುವ ಒಬ್ಬ ಹುಡುಗನಿಗೆ ಕೊಟ್ಟೆ. ಮೊದಲೆಲ್ಲ ಯಕ್ಷಗಾನದ ಆಟಕ್ಕೆ ಹೋದರೆ ಹಿಮ್ಮೇಳದವರ ಕೈ ನೋಡಿದಾಗಲೆಲ್ಲ ಅಟ್ಟ ನೆನಪಾಗಿ ಮನಸ್ಸು ಕುಟುಕುತ್ತಿತ್ತು. ಈ ಸಲ ಬೆಳಗಿನವರೆಗೆ ಆರಾಮಾಗಿ ಕೂತು ನೋಡಿದೆ. ಅದೇ ಧೈರ್ಯದಲ್ಲಿ ಎರಡು ಸಂಘದ ಸದಸ್ಯತ್ವ ಬಿಟ್ಟೆ, ಮೂವತ್ತಕ್ಕೂ ಹೆಚ್ಚು ವಾಟ್ಸಾಪ್ ಗುಂಪುಗಳಿಂದ ಹೊರಬಂದೆ. ಯಾರೂ ಯಾಕೆ ಅಂತ ಕೇಳಲಿಲ್ಲ.

ಆ ಹದಿನಾಲ್ಕು ಪೆಟ್ಟಿಗೆ ಮಾತ್ರ ಅಟ್ಟದಲ್ಲೇ ಇವೆ, ಖಾಲಿ. ಪ್ಲಾಸ್ಟಿಕ್ಕಿಗೆ ಬೂಷ್ಟು ಹಿಡಿಯುವುದಿಲ್ಲವಲ್ಲ.