ರೀಮ್ಯಾಪ್ ಮಾಡಿಸಿದ ಮೇಲೆ ನಿಜಕ್ಕೂ ಎಷ್ಟು ಪವರ್ ಹೆಚ್ಚಿತು? ಲೆಕ್ಕ ಹಾಕುವುದು ಹೀಗೆ

ಕಾರಿಗೆ ಹೊಸ ಏರ್ ಫಿಲ್ಟರ್, ಅಗಲವಾದ ಸೈಲೆನ್ಸರ್, ಮೇಲೊಂದು ಇಸಿಯು ರೀಮ್ಯಾಪ್ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು). ಎಲ್ಲ ಮುಗಿದು ಗ್ಯಾರೇಜಿನಿಂದ ಹೊರಗೆ ಬಂದಾಗ ಪಿಕಪ್ ಜಾಸ್ತಿಯಾಗಿದೆ ಅನಿಸುತ್ತದೆ. ಆದರೆ ಬರೀ ಸದ್ದು ಜೋರಾದರೂ ಹಾಗೇ ಅನಿಸುತ್ತದೆ, ಅಲ್ವಾ? ಅದಕ್ಕೇ ಅಳತೆ ಬೇಕು. ಆ ಅಳತೆ ಪಾರ್ಟ್ಸ್ ಹಾಕಿಸುವ ಮೊದಲೇ ಶುರುವಾಗಬೇಕು.

ಕಂಪನಿ ಕೊಟ್ಟ ಅಂಕಿಯಿಂದ ಶುರು ಮಾಡಿ

ಫೋಕ್ಸ್‌ವ್ಯಾಗನ್ ಪೋಲೋ 1.0 ಟಿಎಸ್‌ಐ ತೆಗೆದುಕೊಳ್ಳೋಣ. ಕಂಪನಿಯ ಲೆಕ್ಕದಲ್ಲಿ 110 ಪಿಎಸ್ (ಅಶ್ವಶಕ್ತಿ, ಒಂದು ಪಿಎಸ್ ಸುಮಾರು 735 ವ್ಯಾಟ್) ಪವರ್, 175 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ ತಿರುಗಿಸುವ ಬಲ). ಟಾರ್ಕನ್ನು ಆರ್‌ಪಿಎಂನಿಂದ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎನ್ನುವ ಅಂಕಿ) ಗುಣಿಸಿ, 7023ರಿಂದ ಭಾಗಿಸಿದರೆ ಪಿಎಸ್ ಸಿಗುತ್ತದೆ.

ಈ ಲೆಕ್ಕ ತುಂಬಾ ಉಪಯೋಗಕ್ಕೆ ಬರುತ್ತದೆ. ರೀಮ್ಯಾಪ್ ಮಾಡುವ ಟ್ಯೂನರ್ ಒಬ್ಬರು "ಟಾರ್ಕ್ 220ಕ್ಕೆ ಏರುತ್ತದೆ" ಎಂದರೆ ಯಾವ ಆರ್‌ಪಿಎಂನಲ್ಲಿ ಎಂದು ಕೇಳಿ. 2500ರಲ್ಲಿ ಎಂದಾದರೆ ಅಲ್ಲಿ ಪವರ್ 78 ಪಿಎಸ್. ಮೊದಲು ಅದೇ ಜಾಗದಲ್ಲಿ 62 ಇತ್ತು. ಊರೊಳಗೆ ಓಡಿಸುವಾಗ ಈ 16 ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಕಾರು 126 ಪಿಎಸ್ ಆಯಿತು ಎಂದು ಅರ್ಥವಲ್ಲ. ಗರಿಷ್ಠ ಪವರ್ ಬರುವುದು 5000 ಆರ್‌ಪಿಎಂ ದಾಟಿದ ಮೇಲೆ. ಅಲ್ಲಿ ಟಾರ್ಕ್ ಎಷ್ಟಿದೆ ಎನ್ನುವುದು ಬೇರೆಯೇ ಪ್ರಶ್ನೆ.

ಶೇಕಡಾವಾರುಗಳನ್ನು ಸುಮ್ನೆ ಕೂಡಬೇಡಿ

ಫಿಲ್ಟರಿಗೆ 5, ಸೈಲೆನ್ಸರಿಗೆ 5, ರೀಮ್ಯಾಪಿಗೆ 20, ಒಟ್ಟು ಶೇ 30 ಎಂದು ಕೂಡುವುದು ತಪ್ಪು. ತೂಬು ಕಿರಿದಾಗಿದ್ದರೆ ಕಾಲುವೆ ಎಷ್ಟು ಅಗಲ ಮಾಡಿದರೂ ಗದ್ದೆಗೆ ಹೋಗುವ ನೀರು ಅಷ್ಟೇ. ಎಂಜಿನ್‌ಗೆ ಹೋಗುವ ಗಾಳಿಯೂ ಹಾಗೆಯೇ. ಟರ್ಬೋ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇಲ್ಲದ ಪೆಟ್ರೋಲ್ ಕಾರಿನಲ್ಲಿ ಮೂರೂ ಸೇರಿ ಸಾಮಾನ್ಯವಾಗಿ ಶೇ 5ರಿಂದ 10 ಸಿಕ್ಕರೆ ಒಳ್ಳೆಯದೇ. ಟರ್ಬೋ ಇದ್ದರೆ ಬರೀ ರೀಮ್ಯಾಪ್‌ನಿಂದಲೇ ಶೇ 20ರಷ್ಟು ಬರಬಹುದು. ಅಲ್ಲಿ ಗಾಳಿಯ ಒತ್ತಡವನ್ನೇ ಹೆಚ್ಚಿಸಲು ಆಗುತ್ತದೆ.

ರಸ್ತೆಯಲ್ಲಿ ಸಮಯ ನೋಡಿ

ಸಮತಟ್ಟಾದ, ಖಾಲಿ ರಸ್ತೆ ಹುಡುಕಿ. ಮೂರನೇ ಗೇರಿನಲ್ಲಿ 40 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ 80 ಮುಟ್ಟಲು ಎಷ್ಟು ಸೆಕೆಂಡ್ ಎಂದು ಪಕ್ಕದಲ್ಲಿ ಕೂತವರು ಜಿಪಿಎಸ್ ಆ್ಯಪಿನಲ್ಲಿ ದಾಖಲಿಸಲಿ. ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ. ಗಾಳಿ, ಇಳಿಜಾರಿನ ವ್ಯತ್ಯಾಸ ಹೀಗೆ ಕಳೆದುಹೋಗುತ್ತದೆ. ಪಾರ್ಟ್ಸ್ ಹಾಕಿದ ಮೇಲೆ ಅದೇ ರಸ್ತೆ, ಅಷ್ಟೇ ಜನ, ಅಷ್ಟೇ ಪೆಟ್ರೋಲ್, ಟೈರಿನಲ್ಲಿ ಅಷ್ಟೇ ಗಾಳಿ, ಎ.ಸಿ. ಆಫ್. ಬಿಸಿಲೂ ಹೆಚ್ಚುಕಡಿಮೆ ಅಷ್ಟೇ ಇರಲಿ.

ಜನ ಸೇರಿ ಕಾರಿನ ತೂಕ 1200 ಕೆ.ಜಿ., ಮೊದಲು 6 ಸೆಕೆಂಡ್ ಹಿಡಿಯಿತು ಎಂದುಕೊಳ್ಳಿ. 40ರಿಂದ 80ಕ್ಕೆ ಏರಲು ಬೇಕಾದ ಶಕ್ತಿ ಸುಮಾರು 2,22,000 ಜೂಲ್. ಆರರಿಂದ ಭಾಗಿಸಿದರೆ 37,000 ವ್ಯಾಟ್, ಅಂದರೆ 50 ಪಿಎಸ್. ರೀಮ್ಯಾಪ್ ನಂತರ 5.4 ಸೆಕೆಂಡ್ ಆದರೆ 56 ಪಿಎಸ್. ಅಂದರೆ ಶೇ 11 ಏರಿಕೆ. 110 ಪಿಎಸ್ ಕಾರು ಬರೀ 50 ತೋರಿಸಿತು ಎಂದು ಗಾಬರಿ ಬೇಡ. ಇದು ಆ ವೇಗಗಳ ನಡುವಿನ ಸರಾಸರಿ. ಗೇರ್‌ಬಾಕ್ಸ್, ಟೈರ್, ಎದುರು ಗಾಳಿ ತಿಂದು ಉಳಿದದ್ದು. ನಮಗೆ ಬೇಕಾದದ್ದು ಹೋಲಿಕೆ ಮಾತ್ರ.

ಒಂದು ಮಾತು. ಮಂಗಳೂರಿನಲ್ಲಿ ಮೊದಲ ಅಳತೆ, ಬೆಂಗಳೂರಿನಲ್ಲಿ ಎರಡನೆಯದು ಮಾಡಬೇಡಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. ಟರ್ಬೋ ಇಲ್ಲದ ಎಂಜಿನ್ ಅಷ್ಟೇ ಪವರ್ ಕಳೆದುಕೊಳ್ಳುತ್ತದೆ.

ಹಣ ಕೊಡುವ ಮೊದಲು ವಾರಂಟಿ, ವಿಮೆಯ ಷರತ್ತುಗಳನ್ನು ಓದಿ. ವಾಹನದ ಮೂಲ ವಿವರ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕಿದೆ.

ಡೈನೋ ಇದ್ದರೆ ಇನ್ನೂ ಒಳ್ಳೆಯದು

ಡೈನೋ ಎಂದರೆ ಕಾರನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರ. ಅದು ಅಳೆಯುವುದು ಚಕ್ರದ ಪವರ್. ಕಂಪನಿ ಹೇಳುವುದು ಎಂಜಿನ್ ಪವರ್. ಎರಡರ ನಡುವೆ ಶೇ 10ರಿಂದ 20ರಷ್ಟು ವ್ಯತ್ಯಾಸ ಇರುತ್ತದೆ. ಆದ್ದರಿಂದ ಬ್ರೋಷರ್‌ನ ಅಂಕಿಯ ಪಕ್ಕ ಡೈನೋ ಅಂಕಿ ಇಟ್ಟು ನೋಡಬೇಡಿ. ರೀಮ್ಯಾಪಿಗೆ ಮುಂಚಿನದು ಮತ್ತು ನಂತರದ್ದು, ಎರಡೂ ಶೀಟುಗಳನ್ನು ಕೇಳಿ ಪಡೆಯಿರಿ. ಅದೇ ದಿನ, ಅದೇ ಯಂತ್ರ, ಅದೇ ಗೇರ್ ಆಗಿರಲಿ. ಶೀಟಿನಲ್ಲಿ ತುದಿಯ ಅಂಕಿ ಮಾತ್ರ ನೋಡದೆ, ನೀವು ದಿನಾ ಓಡಿಸುವ 2000ದಿಂದ 3500 ಆರ್‌ಪಿಎಂ ನಡುವೆ ಎರಡು ಗೆರೆಗಳ ಅಂತರ ಎಷ್ಟಿದೆ ಎಂದು ನೋಡಿ.