ಚುಕ್ಕಿಯ ಡಬ್ಬಕ್ಕೆ ಜಾಗ ಹುಡುಕಿದ್ದು

ನಮ್ಮದು ತುಮಕೂರಿನಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ಹಾಲ್, ಅಡುಗೆಮನೆ, ಎರಡು ರೂಮು, ಹಿಂದೆ ಪಾತ್ರೆ ತೊಳೆಯಲು ಸಣ್ಣ ಯುಟಿಲಿಟಿ. ನಮ್ಮ ಬೆಕ್ಕು ಚುಕ್ಕಿಯನ್ನು ತಂದಿದ್ದು ಗುಬ್ಬಿ ಹತ್ತಿರ ಅಮ್ಮನ ತವರಿನ ಅಡಿಕೆ ತೋಟದಿಂದ. ಅಲ್ಲಿ ಅದಕ್ಕೆ ಯಾವ ಡಬ್ಬವೂ ಬೇಕಿರಲಿಲ್ಲ. ಮರದ ಬುಡದ ಸಡಿಲ ಮಣ್ಣಲ್ಲಿ ಗುಂಡಿ ತೋಡಿ, ಕೆಲಸ ಮುಗಿಸಿ, ಮುಚ್ಚಿ ಬರುತ್ತಿತ್ತು.

ಇಲ್ಲಿ ಮೊದಲು ಲಿಟರ್ ಡಬ್ಬ, ಅಂದರೆ ಬೆಕ್ಕು ಮಲಮೂತ್ರ ಮಾಡಲು ಮರಳಿನಂಥದ್ದು ತುಂಬಿದ ಡಬ್ಬ, ಇಟ್ಟಿದ್ದು ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕದ ಸಂದಿಯಲ್ಲಿ. ವಾಸನೆ ಹೊರಗೇ ಹೋಗುತ್ತದೆ, ಬಂದವರ ಕಣ್ಣಿಗೂ ಬೀಳುವುದಿಲ್ಲ ಅಂತ ನನ್ನ ಲೆಕ್ಕ. ಒಂದು ವಾರ ಎಲ್ಲ ಸರಿ ಇತ್ತು. ಒಂದು ಬೆಳಿಗ್ಗೆ ಚುಕ್ಕಿ ಡಬ್ಬದಲ್ಲಿ ಕೂತಿದ್ದಾಗಲೇ ಮೆಷಿನ್ ಬಟ್ಟೆ ಹಿಂಡಲು ಶುರು ಮಾಡಿತು. ಗಡಗಡ ಅನ್ನುವ ಸದ್ದಿಗೆ ನೆಲವೇ ಅದುರುತ್ತಿತ್ತು. ಚುಕ್ಕಿ ಕಿವಿ ಹಿಂದಕ್ಕೆ ಮಡಚಿ ಹಾರಿತು, ಮರಳೆಲ್ಲ ಚೆಲ್ಲಿತು. ಬಾಗಿಲಿಗೆ ನಾನು ಅಡ್ಡ ನಿಂತಿದ್ದೆ. ಇನ್ನೊಂದು ದಾರಿ ಇರಲಿಲ್ಲ. ನನ್ನ ಕಾಲ ಮೇಲೇ ಹತ್ತಿ ಓಡಿತು.

ಆ ಮೇಲೆ ಅದು ಆ ಡಬ್ಬದ ಹತ್ತಿರ ಸುಳಿಯಲಿಲ್ಲ. ಮೂರನೇ ದಿನ ಒಳಗಿನ ರೂಮಿನಲ್ಲಿ, ಮಂಚದ ಆಚೆಯ ಮೂಲೆಯಲ್ಲಿ ಉಚ್ಚೆ ಹೊಯ್ದಿತ್ತು. ನಾನು ಬೈಯಲಿಲ್ಲ, ಮೊದಲು ಪಶುವೈದ್ಯರಿಗೆ ತೋರಿಸಿದೆ. ಉರಿಮೂತ್ರ ಇದ್ದರೂ ಬೆಕ್ಕು ಹೀಗೇ ಮಾಡುತ್ತದೆ. ಅದರಲ್ಲೂ ಗಂಡು ಬೆಕ್ಕು ತಿಣುಕುತ್ತಾ ಕೂತು ಉಚ್ಚೆ ಬಾರದಿದ್ದರೆ ನಾಳೆ ನೋಡೋಣ ಅನ್ನಬೇಡಿ. ಮೂತ್ರ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಚುಕ್ಕಿ ಹೆಣ್ಣು, ಕಾಯಿಲೆಯೂ ಇರಲಿಲ್ಲ. ಹಾಗಾದರೆ ತಪ್ಪು ಜಾಗದ್ದೇ.

ಡಬ್ಬವನ್ನು ಬಚ್ಚಲಮನೆಯಲ್ಲಿ ಇಟ್ಟೆ. ಅಲ್ಲಿ ಸದಾ ನೆಲ ಒದ್ದೆ, ಬಾಗಿಲು ಯಾರಾದರೂ ಹಾಕಿಕೊಳ್ಳುತ್ತಾರೆ. ಎರಡೇ ದಿನಕ್ಕೆ ಬಿಟ್ಟೆ. ಚುಕ್ಕಿ ಊಟ ಮಾಡುವ ಕಡೆ ಇಡಲು ನೋಡಲೇ ಇಲ್ಲ. ತಿನ್ನುವ ಜಾಗದ ಹತ್ತಿರ ಬೆಕ್ಕು ಹೊಲಸು ಮಾಡಲು ಒಪ್ಪುವುದಿಲ್ಲ.

ಆಗ ಅಮ್ಮ ಅಂದರು, "ಅದು ಆ ಮೂಲೆನೇ ಯಾಕೆ ಹುಡುಕಿಕೊಂಡು ಹೋಯ್ತು ನೋಡೇ." ನಾನು ಆ ಮೂಲೆಯಲ್ಲಿ ನೆಲದ ಮೇಲೆ ಕೂತು ನೋಡಿದೆ. ಬೆಕ್ಕಿನ ಎತ್ತರಕ್ಕೆ ತಲೆ ತಗ್ಗಿಸಿದೆ. ಮಂಚದ ಕೆಳಗಿನಿಂದ ರೂಮಿನ ಬಾಗಿಲು ಪೂರ್ತಿ ಕಾಣುತ್ತದೆ, ಬರುವವರ ಕಾಲು ಮೊದಲೇ ಗೊತ್ತಾಗುತ್ತದೆ. ಬೆನ್ನಿಗೆ ಗೋಡೆ. ಓಡಬೇಕಾದರೆ ಮಂಚದ ಕೆಳಗೊಂದು ದಾರಿ, ಪಕ್ಕದಲ್ಲಿ ಇನ್ನೊಂದು. ಸದ್ದಿಲ್ಲ. ಗುಂಡಿ ತೋಡಿ ಕೂತಾಗ ಯಾವ ಪ್ರಾಣಿಗೂ ಹೆದರಿಕೆ ಇರುತ್ತದೆ, ಆಗಲೇ ಅಲ್ವಾ ಶತ್ರು ಮೇಲೆ ಬೀಳುವುದು. ಅದಕ್ಕೆ ಬೇಕಾದದ್ದೆಲ್ಲ ಅಲ್ಲಿತ್ತು.

ಡಬ್ಬವನ್ನು ಅಲ್ಲೇ ಇಟ್ಟೆ. ಮುಚ್ಚಳ ತೆಗೆದುಬಿಟ್ಟೆ. ಎರಡು ಇಂಚು ದಪ್ಪಕ್ಕೆ ವಾಸನೆ ಬೆರೆಸದ ಸಣ್ಣ ಮರಳಿನಂಥ ಲಿಟರ್ ಹಾಕಿ, ಮೇಲೆ ಊರಿಂದ ತಂದ ತೋಟದ ಮಣ್ಣು ಎರಡು ಹಿಡಿ ಉದುರಿಸಿದೆ. ಚುಕ್ಕಿ ಬಂದು ಮೂಸಿತು. ಮುಂಗಾಲಲ್ಲಿ ಒಂದು ಸಲ ಕೆರೆದು ನಿಂತಿತು. ಮತ್ತೆ ಕೆರೆಯಿತು. ನಾನು ಉಸಿರು ಬಿಗಿಹಿಡಿದು ಹಾಲಿಗೆ ಬಂದೆ. ಸ್ವಲ್ಪ ಹೊತ್ತಿಗೆ ಮುಚ್ಚುವ ಸದ್ದು ಕೇಳಿಸಿತು. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಹೊಯ್ದ ಜಾಗ ಒರೆಸುವ ಬಗ್ಗೆ ಒಂದು ಮಾತು. ನಮ್ಮ ಕಡೆ ಎಲ್ಲದಕ್ಕೂ ಫಿನಾಯಿಲ್. ಅದರಲ್ಲಿ ಫೀನಾಲ್ ಅನ್ನುವ ರಾಸಾಯನಿಕ ಇರಬಹುದು, ಬೆಕ್ಕಿನ ಲಿವರ್‌ಗೆ ಅದನ್ನು ಸರಿಯಾಗಿ ಅರಗಿಸಿಕೊಳ್ಳಲು ಆಗುವುದಿಲ್ಲ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ವಿಷ ಒಳಗೆ ಹೋಗುತ್ತದೆ. ನಾನು ಸೋಪಿನ ನೀರು ಹಾಕಿ, ಬರೀ ನೀರಲ್ಲಿ ಒರೆಸಿ, ಕೊನೆಗೆ ಉಚ್ಚೆಯ ವಾಸನೆಯನ್ನೇ ಒಡೆದುಹಾಕುವ ಎನ್ಜೈಮ್ ಕ್ಲೀನರ್ ಸಿಂಪಡಿಸಿದೆ. ವಾಸನೆ ಉಳಿದರೆ ಮತ್ತೆ ಅಲ್ಲೇ ಹೊಯ್ಯುತ್ತದೆ.

ಆದರೆ ಆ ಮೂಲೆಯಲ್ಲಿ ಡಬ್ಬ ಎತ್ತಬೇಕಾದರೆ ನಾನು ಮಂಚ ಸರಿಸಬೇಕಿತ್ತು. ಕೈಗೆ ಸುಲಭವಾಗಿ ಸಿಗದ ಡಬ್ಬ ದಿನಾ ಶುಚಿಯಾಗುವುದಿಲ್ಲ. ಅಷ್ಟರಲ್ಲಿ ತಂಗಿ ಬಾಣಂತನಕ್ಕೆ ಬರುವ ದಿನವೂ ಹತ್ತಿರವಾಗಿತ್ತು. ಬೆಕ್ಕಿನ ಮಲದಲ್ಲಿ ಟೊಕ್ಸೊಪ್ಲಾಸ್ಮಾ ಅನ್ನುವ ಜೀವಿ ಇದ್ದರೆ ಬಸುರಿಯ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಹೊರಬಿದ್ದ ಮೇಲೆ ಅದು ಅಂಟುವ ಹಂತಕ್ಕೆ ಬರಲು 1ರಿಂದ 5 ದಿನ ಹಿಡಿಯುತ್ತದೆ. ದಿನಾ ತೆಗೆದರೆ ಆ ಭಯ ತುಂಬಾ ಕಡಿಮೆ. ತಂಗಿಗೆ ಡಬ್ಬದ ಹತ್ತಿರ ಹೋಗಬೇಡ ಅಂದೆ, ಆ ಕೆಲಸ ನನ್ನದೇ.

ಅದಕ್ಕೆ ಡಬ್ಬವನ್ನು ಅದೇ ರೂಮಿನಲ್ಲಿ ಬೀರು ಪಕ್ಕಕ್ಕೆ ತರಬೇಕಿತ್ತು. ಒಂದೇ ಸಲ ಎತ್ತಿಡಲಿಲ್ಲ. ದಿನಕ್ಕೆ ಅರ್ಧ ಅಡಿ. ಎಂಟು ಅಡಿಗೆ ಹದಿನಾರು ದಿನ ಬೇಕಾಯಿತು. ಒಂದು ದಿನ ಅವಸರಕ್ಕೆ ಎರಡು ಅಡಿ ಸರಿಸಿದ್ದಕ್ಕೆ ಹಳೇ ಜಾಗದಲ್ಲೇ ಹೋಗಿ ಕೂತಿತು, ಮತ್ತೆ ಹಿಂದಕ್ಕೆ ಇಟ್ಟೆ.

ಈಗ ಡಬ್ಬ ಬೀರು ಪಕ್ಕ ಗಟ್ಟಿಯಾಗಿ ಕೂತಿದೆ. ಆಷಾಢದ ಗಾಳಿಗೆ ರೂಮಿನ ಬಾಗಿಲು ದಡಾರ್ ಅಂತ ಹಾಕಿಕೊಳ್ಳುತ್ತದೆ, ಚುಕ್ಕಿ ಹೊರಗೆ ಉಳಿದರೆ ಕಷ್ಟ. ಅದಕ್ಕೆ ಚಿಲಕಕ್ಕೆ ಹಳೇ ಸೀರೆಯ ಪಟ್ಟಿ ಸುತ್ತಿ, ಅದನ್ನು ಕಿಟಕಿಯ ಕಂಬಿಗೆ ಕಟ್ಟಿದ್ದೇನೆ. ಮಲಗುವ ಮುಂಚೆ ಅಮ್ಮ ಒಮ್ಮೆ ಆ ಗಂಟು ಎಳೆದು ನೋಡಿ ಬರುತ್ತಾರೆ.