ಅಡಿಕೆ ತಕ್ಕಡಿಯಲ್ಲಿ ಲೈಟ್ ವೆಲ್ಟರ್‌ವೇಟ್

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ಅಂಗಳದ ಮೂಲೆಯಲ್ಲಿ ಒಂದು ಹಲಸಿನ ಮರ ಉಂಟು. ಅದರ ಗೆಲ್ಲಿಗೆ ಕಟ್ಟಿದ ಬಾಕ್ಸಿಂಗ್ ಬ್ಯಾಗಿಗೆ ಗುದ್ದಲಿಕ್ಕೆ ದಿನಾ ಸಂಜೆ ಐದಾರು ಹುಡುಗರು ಬರುತ್ತಾರೆ. ಹೆಚ್ಚಿನವರು ತೂಕದ ಕಬಡ್ಡಿ, ಅಂದರೆ ಇಷ್ಟು ಕಿಲೋ ಒಳಗಿನವರು ಎಂದು ಆಡಿಸುವ ಕಬಡ್ಡಿ ಆಡಿ ಬಂದವರು, ಹಾಗಾಗಿ ಬಂದ ದಿನವೇ ಕೇಳುವುದು ಒಂದೇ: "ಅಣ್ಣಾ, ನಾನು ಯಾವ ವೆಯ್ಟಿಗೆ ಬರ್ತೇನೆ?" ಗದ್ದೆಯಲ್ಲಿ ಓಡಿ, ಹೆಗಲಲ್ಲಿ ತೋಟದ ಮಣ್ಣು ಹೊತ್ತು ಬೆಳೆದ ಹುಡುಗರು ಹೆಚ್ಚಾಗಿ 64ರಿಂದ 67 ಕಿಲೋ ನಡುವೆ ನಿಲ್ಲುತ್ತಾರೆ. ಅಂಥವರಿಗೆ ಬಾಕ್ಸಿಂಗಿನ ಲೈಟ್ ವೆಲ್ಟರ್‌ವೇಟ್. ಆ ತೂಕದ ವಿಭಾಗಕ್ಕೆ ಹೇಗೆ ಇಳಿಯಬೇಕು ಎಂದು ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ. ವೃತ್ತಿಪರ ಬಾಕ್ಸಿಂಗಿನಲ್ಲಿ 140 ಪೌಂಡ್, ಅಂದರೆ 63.5 ಕಿಲೋ ಇದರ ಮಿತಿ. ಅದನ್ನು ನಡೆಸುವ ಸಂಸ್ಥೆಗಳಲ್ಲಿ ಡಬ್ಲ್ಯುಬಿಸಿಯವರು ಇದನ್ನೇ ಸೂಪರ್ ಲೈಟ್‌ವೇಟ್ ಎನ್ನುತ್ತಾರೆ, ಐಬಿಎಫ್‌ನವರು ಜೂನಿಯರ್ ವೆಲ್ಟರ್‌ವೇಟ್ ಎನ್ನುತ್ತಾರೆ. ಮೂರೂ ಒಂದೇ. ಆದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಎಂಎಂಎಯಲ್ಲಿ ಸೂಪರ್ ಲೈಟ್‌ವೇಟ್ ಎಂದರೆ 165 ಪೌಂಡ್, ಹತ್ತಿರ ಹತ್ತಿರ 75 ಕಿಲೋ! ಫೋನಿನಲ್ಲಿ ಅದನ್ನು ನೋಡಿ, "ನಾನು ಇನ್ನೂ ಹತ್ತು ಕಿಲೋ ತಿನ್ನಬಹುದಲ್ವಾ" ಎಂದು ಖುಷಿಪಟ್ಟ ಹುಡುಗನೊಬ್ಬ ನಮ್ಮಲ್ಲೇ ಇದ್ದಾನೆ.

ಅಮೆಚೂರಿನಲ್ಲಿ, ಅಂದರೆ ಒಲಿಂಪಿಕ್ಸ್ ಥರದ ಕೂಟಗಳಲ್ಲಿ, ತೂಕದ ಗೆರೆ ಒಂದು ಕಡೆ ನಿಂತದ್ದೇ ಇಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಈ ವಿಭಾಗ ಬಂದಾಗ 63.5 ಇತ್ತು. 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ ಮನೋಜ್ ಕುಮಾರ್ ಚಿನ್ನ ಗೆದ್ದದ್ದು 64ರಲ್ಲಿ. ಟೋಕಿಯೋ ಒಲಿಂಪಿಕ್ಸಿನಲ್ಲಿ ಬರೀ ಲೈಟ್‌ವೇಟ್ ಎಂಬ ಹೆಸರಲ್ಲಿ 63 ಆಯಿತು, ಪ್ಯಾರಿಸ್ಸಿನಲ್ಲಿ ಅದೇ ಹೆಸರಲ್ಲಿ ಮತ್ತೆ 63.5. ಅಂತರರಾಷ್ಟ್ರೀಯ ಅಮೆಚೂರ್ ಸಂಸ್ಥೆಯಾದ ವರ್ಲ್ಡ್ ಬಾಕ್ಸಿಂಗ್‌ನವರು 2025ರಿಂದ 60ರ ನಂತರ ಸೀದಾ 65 ಮಾಡಿದ್ದಾರೆ. ಹಾಗಾಗಿ ಊಟ ಬಿಡುವ ಮೊದಲು ಕೂಟದ ನೋಟಿಸು ಓದಿ: 63.5 ಎಂದುಂಟೋ, 65 ಎಂದುಂಟೋ? ಆ ಒಂದೂವರೆ ಕಿಲೋಗಾಗಿ ತಿಂಗಳು ಉಪವಾಸ ಬಿದ್ದು, ಆಮೇಲೆ ತನಗಿಂತ ದಪ್ಪದವನ ಎದುರು ನಿಂತರೆ ಯಾರಿಗೆ ಲಾಭ? ಕೆಳಗಿನ ಲೆಕ್ಕವನ್ನು ನಾನು 63.5ಕ್ಕೆ ಹೇಳುತ್ತೇನೆ, 65 ಆದರೆ ಅಷ್ಟು ಮೇಲೆ ಹಾಕಿಕೊಳ್ಳಿ.

ಇನ್ನು ತಕ್ಕಡಿ. ಇದರಲ್ಲೇ ನಾನು ಬಿದ್ದದ್ದು. ನನ್ನ ಮೊದಲ ಕೂಟಕ್ಕೆ ಮನೆಯ ಬಚ್ಚಲಲ್ಲಿದ್ದ ಮುಳ್ಳಿನ ತಕ್ಕಡಿ ನಂಬಿ ಹೋದೆ. ಅದರಲ್ಲಿ 63.2. ಅಲ್ಲಿಯ ಯಂತ್ರದಲ್ಲಿ 63.8! ಒಂದು ಗಂಟೆ ಸಮಯ ಕೊಟ್ಟರು. ಮಳೆಕೋಟು ಹಾಕಿ ಮೆಟ್ಟಿಲು ಹತ್ತಿ ಇಳಿದೆ, ಹುಣಸೆಹುಳಿ ಚೀಪಿ ಬಾಟಲಿಗೆ ಉಗಿದೆ. ಕೊನೆಗೆ 63.6. ನೂರು ಗ್ರಾಂ ಅಂದರೆ ಹತ್ತು ಹನ್ನೆರಡು ಚಾಲಿ ಅಡಿಕೆ, ಅಷ್ಟೇ. ಗ್ಲೌಸ್ ಹಾಕದೆ ಮನೆಗೆ ಬಂದೆ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಫೈನಲಿನ ದಿನ ವಿನೇಶ್ ಫೋಗಟ್ ಅದೇ ನೂರು ಗ್ರಾಮಿಗೆ ಹೊರಗೆ ಬಿದ್ದಾಗ, ಅಮ್ಮ ಟೀವಿ ನೋಡಿ ಒಮ್ಮೆ ನನ್ನ ಮುಖ ನೋಡಿದರು. ಮಾತಾಡಲಿಲ್ಲ.

ಈಗ ನಮ್ಮ ಹುಡುಗರು ತೂಗುವುದು ಪೇಟೆಯ ಅಡಿಕೆ ಅಂಗಡಿಯಲ್ಲಿ. ಅದು ಮುದ್ರೆ ಬಿದ್ದ ಎಲೆಕ್ಟ್ರಾನಿಕ್ ತಕ್ಕಡಿ, 10 ಗ್ರಾಂ ವ್ಯತ್ಯಾಸವೂ ತೋರಿಸುತ್ತದೆ. ವ್ಯಾಪಾರಿ "ಇವತ್ತು ನಿನಗೆ ರೇಟೆಷ್ಟು?" ಎಂದು ತಮಾಷೆ ಮಾಡುತ್ತಾನೆ, ಮಾಡಲಿ. ಅಂಗಡಿಯಲ್ಲಿ 20 ಕಿಲೋದ ಕಬ್ಬಿಣದ ಕಲ್ಲು ಇರುತ್ತದೆ. ಅದನ್ನು ಮೊದಲು ಇಟ್ಟು ಸರಿ 20 ತೋರಿಸುತ್ತದೋ ನೋಡಿ, ಆಮೇಲೆ ಹತ್ತಿ. ಬೆಳಿಗ್ಗೆ, ಕಕ್ಕಸಿಗೆ ಹೋಗಿ ಬಂದು, ಏನೂ ಕುಡಿಯದೆ, ತೆಳ್ಳಗಿನ ಚಡ್ಡಿಯಲ್ಲಿ ಹತ್ತು ದಿನ ತೂಗಿ ಪುಸ್ತಕದಲ್ಲಿ ಬರೆಯಿರಿ. ಸರಾಸರಿ 66ರ ಒಳಗೆ ಇದ್ದರೆ ಆರು ವಾರದಲ್ಲಿ ಇಳಿಯಬಹುದು. 67 ದಾಟಿದರೆ ಮೇಲಿನ ವಿಭಾಗ ನೋಡಿ. ಇನ್ನೂ ಬೆಳೆಯುವ ಮಕ್ಕಳಿಗೆ ನಾನು ತೂಕ ಇಳಿಸಲು ಬಿಡುವುದೇ ಇಲ್ಲ, ಎಷ್ಟಿದ್ದಾರೋ ಅಷ್ಟರಲ್ಲಿ ಆಡಲಿ.

ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಮಧ್ಯಾಹ್ನದ ಕುಚ್ಚಲಕ್ಕಿ ಅನ್ನ ಬಿಡಬೇಡಿ, ಅದು ಬಿಟ್ಟರೆ ಸಂಜೆ ಮೂರನೇ ರೌಂಡಿಗೆ ಕೈ ಎತ್ತಲಿಕ್ಕಾಗುವುದಿಲ್ಲ. ಹೋಗಬೇಕಾದ್ದು ಸಂಜೆಯ ಗೋಳಿಬಜೆ, ರಾತ್ರಿಯ ಪೊರೋಟ, ದಿನಕ್ಕೆ ನಾಲ್ಕು ಲೋಟ ಸಕ್ಕರೆ ಚಾ. ಮೀನು ತಿನ್ನುವವರು ಬಂಗುಡೆಯನ್ನು ಹುರಿಯದೆ ಸಾರು ಮಾಡಿ, ತಿನ್ನದವರಿಗೆ ಹೆಸರುಕಾಳು, ಮಜ್ಜಿಗೆ. ತೆಂಗಿನಕಾಯಿ ಮಾತ್ರ ಅರ್ಧಕ್ಕೆ ಇಳಿಸಿ. ನಮ್ಮ ಕಡೆಯ ಅಮ್ಮಂದಿರು ಇದಕ್ಕೆ ಒಪ್ಪುವುದಿಲ್ಲ, ನಾನೂ ಸೋತಿದ್ದೇನೆ.

ಕೊನೆಯ ಮೂರು ದಿನ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬಂದ್. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ. ಸೊಪ್ಪು, ಕಾಳು ಕಡಿಮೆ ಮಾಡಿ ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ತಿನ್ನಿ, ಹೊಟ್ಟೆಯಲ್ಲಿ ಉಳಿಯುವುದು ಕಡಿಮೆ. ಇನ್ನೊಂದು ಲೆಕ್ಕ ಮೊದಲೇ ಗೊತ್ತಿರಬೇಕು: ರಾತ್ರಿ ಮಲಗುವಾಗ ಒಮ್ಮೆ, ಎದ್ದ ಮೇಲೆ ಒಮ್ಮೆ ತೂಗಿ ವ್ಯತ್ಯಾಸ ಬರೆದಿಡಿ. ನನ್ನದು ಉಸಿರು, ಬೆವರು, ಮೂತ್ರ ಎಲ್ಲ ಸೇರಿ 700 ಗ್ರಾಂ ಹೋಗುತ್ತಿತ್ತು. ಹಾಗಾಗಿ ಹಿಂದಿನ ರಾತ್ರಿ 64 ಇದ್ದರೂ ನಿಶ್ಚಿಂತೆಯಿಂದ ಮಲಗುತ್ತಿದ್ದೆ. ನಾವು ಕೇರಳದ ಆಯ್ಕೆಗೆ ಹೋಗುವವರಾದ ಕಾರಣ ಆ ರಾತ್ರಿ ಎಷ್ಟೋ ಸಲ ತಿರುವನಂತಪುರದ ಮಾವೇಲಿ ರೈಲಿನಲ್ಲೇ ಕಳೆಯುತ್ತದೆ. ನಿದ್ದೆಯಿಲ್ಲದೆ ಬಾಯಾಡಿಸುವುದು ಜಾಸ್ತಿ, ಹಾಗಾಗಿ ಆ ದಿನ 64ರ ಬದಲು 63.8ರಲ್ಲಿ ರೈಲು ಹತ್ತಿ. ಎಚ್ಚರವಾದಾಗ ನೀರು ಗುಟುಕು ಗುಟುಕಾಗಿ ಕುಡಿಯಿರಿ. ಅರ್ಧ ಲೀಟರ್ ಒಟ್ಟಿಗೆ ಕುಡಿದರೆ ತಕ್ಕಡಿಯಲ್ಲೂ ಅರ್ಧ ಕಿಲೋ.

ಮಳೆಕೋಟು ಹಾಕಿ ಓಡುವುದು ಬೇಡವೇ ಬೇಡ. 1997ರಲ್ಲಿ ಅಮೆರಿಕದಲ್ಲಿ ಹೀಗೆ ಬೆವರಿಳಿಸಲು ಹೋಗಿ ಮೂವರು ಕಾಲೇಜು ಕುಸ್ತಿಪಟುಗಳು ಒಂದೂವರೆ ತಿಂಗಳೊಳಗೆ ಸತ್ತರು, ಆಮೇಲೆ ಅಲ್ಲಿಯ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಸೂಟೇ ನಿಷೇಧವಾಯಿತು. ನಮ್ಮ ಮೇ ತಿಂಗಳ ಸೆಖೆಯಲ್ಲಿ ಬೆವರು ಆರುವುದೇ ಇಲ್ಲ, ಮೈ ತಣಿಯುವುದು ಎಲ್ಲಿಂದ? ಮೂತ್ರ ಹೋಗುವ ಮಾತ್ರೆಯೂ ಬೇಡ, ಅದು ಉದ್ದೀಪನ ಮದ್ದು ತಡೆಯುವ ವಾಡಾ ಸಂಸ್ಥೆ ನಿಷೇಧಿಸಿದ ಪಟ್ಟಿಯಲ್ಲೇ ಉಂಟು.

ರಿಂಗಿನ ಮಾತು ಚಿಕ್ಕದು. ಮೂರು ನಿಮಿಷದ ಮೂರು ರೌಂಡು. ಇಲ್ಲಿ ಎದುರಿಗೆ ಬರುವವರು ಎರಡು ಥರ: 60ರಿಂದ ಮೇಲೆ ಬಂದ ಚುರುಕಿನವರು, ಮೇಲಿನಿಂದ ಒಣಗಿ ಇಳಿದ ಗಟ್ಟಿಗರು. ಎರಡನೆಯವನನ್ನು ತೂಗುವಾಗಲೇ ಗುರುತಿಸಬಹುದು, ತುಟಿ ಒಡೆದಿರುತ್ತದೆ, ಕೆನ್ನೆ ಒಳಗೆ ಹೋಗಿರುತ್ತದೆ. ಅವನ ಜೊತೆ ಮೊದಲ ರೌಂಡಿನಲ್ಲಿ ಜಗಳಕ್ಕೆ ಇಳಿಯಬೇಡಿ. ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಹಾಕಿ ಸುತ್ತಿಸಿ, ಹೊಟ್ಟೆಗೆ ಎರಡು ಕೊಡಿ, ಎರಡನೇ ರೌಂಡಿನ ನಡುವೆ ಅವನ ಬಾಯಿ ತೆರೆಯುತ್ತದೆ.

ತೂಕ ಆಗಿ ಕೆಳಗಿಳಿದ ಕೂಡಲೇ ಓಆರ್‌ಎಸ್, ನಿಧಾನಕ್ಕೆ. ಕದಳಿ ಬಾಳೆಹಣ್ಣು ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಸ್ಪರ್ಧೆಗೆ ಮೂರು ಗಂಟೆ ಇದ್ದರೆ ಹೋಟೆಲಿನಲ್ಲಿ ಇಡ್ಲಿಯೋ ಪುಟ್ಟೋ ತಿನ್ನಬಹುದು. ಪುಟ್ಟಿನ ಜೊತೆ ಕಡಲೆ ಸಾರು ಮಾತ್ರ ಬೇಡ ಎನ್ನಿ. ನಮ್ಮವನೊಬ್ಬ ಎರಡು ತಟ್ಟೆ ಹೊಡೆದು ರಿಂಗಿಗೆ ಹತ್ತಿದ್ದ, ಹೊಟ್ಟೆಗೆ ಮೊದಲ ಪಂಚು ಬಿದ್ದಾಗ ರೆಫ್ರಿಯೇ ಎರಡು ಹೆಜ್ಜೆ ಹಿಂದೆ ಸರಿದರು.